ಮೊದಲು ಒಂದು ಚೌಕ ಕಟ್ಟು

ಮಗೂ, ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೀಯ, ಸಂತೋಷ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿನಲ್ಲಿ ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಮೇಲೇರಿ ಕೆಳಗೆ ನೋಡಿದರೆ ಬೆಟ್ಟ ಬೆಟ್ಟದ ಜಾಗದಲ್ಲಿದೆ, ಹೊಳೆ ಹೊಳೆಯ ಜಾಗದಲ್ಲಿದೆ, ನೆಲ ಮಾತ್ರ ಬೇರೆ ಯಾವುದೋ ಸೀಮೆಯದು ಅನ್ನಿಸುತ್ತದೆ. ಅದು ಸಿಮ್ಯುಲೇಟರಿನ ದೋಷವಲ್ಲ. ಇಡೀ ಭೂಮಿಯನ್ನು ಒಂದು ಮನೆಯ ಯಂತ್ರಕ್ಕೆ ತುಂಬಬೇಕಾದಾಗ, ಹವೆ ಎಂಥದು, ಇಳಿಜಾರು ಎಷ್ಟು, ಕಾಡೋ ಹೊಲವೋ ಎಂಬ ಲೆಕ್ಕ ನೋಡಿ ಸಿದ್ಧವಾಗಿರುವ ನೆಲಚಿತ್ರಗಳನ್ನು ಹಾಸುತ್ತಾರೆ. ಆ ಲೆಕ್ಕದಲ್ಲಿ ಮಂಡ್ಯದ ಕಬ್ಬಿನ ಗದ್ದೆ ಎಂದು ಬೇರೆಯಾಗಿ ಇರುವುದಿಲ್ಲ.

ನಿಜವಾದ ನೆಲವನ್ನೇ ಹಾಸಿಕೊಳ್ಳುವ ದಾರಿ ಉಂಟು. ಉಪಗ್ರಹದಿಂದ ತೆಗೆದ ಚಿತ್ರವನ್ನು ಸಿಮ್ಯುಲೇಟರಿನ ಬೆಟ್ಟ ಬಯಲಿನ ಮೇಲೆ ಹೊದಿಸುವ ಹೆಚ್ಚುವರಿ ತಂತ್ರಾಂಶಗಳಿವೆ. ಈ ಸುದ್ದಿ ಕೇಳಿದ ದಿನವೇ ಹುಡುಗರು ಮಾಡುವ ಕೆಲಸವೂ ನನಗೆ ಗೊತ್ತು: ಹಿಮಾಲಯ ಬೇಕು, ಆಲ್ಪ್ಸ್ ಬೇಕು, ಅಮೆರಿಕ ಬೇಕು ಎಂದು ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಹೊರಡುತ್ತಾರೆ. ಡಿಸ್ಕ್ ತುಂಬುತ್ತದೆ, ಸಿಮ್ಯುಲೇಟರ್ ತೆರೆಯುವುದಿಲ್ಲ, ಕಾರಣ ತಿಳಿಯುವುದಿಲ್ಲ, ಉತ್ಸಾಹ ಇಳಿಯುತ್ತದೆ. ನಾನು ಹೇಳುವ ಮಾತು ಒಂದೇ. ಒಂದು ಚೌಕ ತಗೋ. ಅದನ್ನು ಸರಿಯಾಗಿ ಕಟ್ಟು. ಅದರ ಪ್ರತಿ ಪದರ ಏನು, ಎಲ್ಲಿಂದ ಬಂತು ಎಂದು ತಿಳಿದುಕೋ. ಆ ನೆಲವನ್ನು ಕಣ್ಣಿನಿಂದ ಓದಲು ಕಲಿ. ಎರಡನೆಯ ಚೌಕದ ಮಾತು ಆಮೇಲೆ.

ಚೌಕ ಅಂದೆ, ಏಕೆಂದರೆ ಎಕ್ಸ್-ಪ್ಲೇನ್ ಭೂಮಿಯನ್ನು ಹಾಗೆಯೇ ಹಂಚಿಕೊಂಡಿದೆ. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶ; ಅದು ಒಂದು ಟೈಲ್. ನಮ್ಮ ಕಡೆ ಇದರ ಉದ್ದ ಸುಮಾರು 110 ಕಿಲೋಮೀಟರ್, ಅಗಲ 108ರ ಆಸುಪಾಸು. ಒಟ್ಟು 12,000 ಚದರ ಕಿಲೋಮೀಟರಿನಷ್ಟು ನೆಲ. ನೈಋತ್ಯದ ಮೂಲೆ ಎಲ್ಲಿದೆಯೋ ಅದೇ ಅದರ ಹೆಸರು. ಮೈಸೂರಿನ ಚೌಕದ ಹೆಸರು +12+076. ಅಂದರೆ ಉತ್ತರ ಅಕ್ಷಾಂಶ 12ರಿಂದ 13, ಪೂರ್ವ ರೇಖಾಂಶ 76ರಿಂದ 77.

ಇಳಿಸಿಕೊಳ್ಳುವ ಮೊದಲು ಅಟ್ಲಾಸ್ ತೆಗೆದು ಈ ಗೆರೆಗಳನ್ನು ನೋಡು. ಬೆಂಗಳೂರು ಒಂದೇ ಚೌಕದಲ್ಲಿದೆ ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ 13ನೆಯ ಅಕ್ಷಾಂಶ ಮಲ್ಲೇಶ್ವರದ ಹತ್ತಿರವೇ ಹಾದು ಊರನ್ನು ಎರಡು ಪಾಲು ಮಾಡುತ್ತದೆ. ವಿಧಾನಸೌಧವೂ ಎಚ್‌ಎಎಲ್ ನಿಲ್ದಾಣವೂ +12+077ರಲ್ಲಿ. ಜಕ್ಕೂರೂ ಕೆಂಪೇಗೌಡ ನಿಲ್ದಾಣವೂ +13+077ರಲ್ಲಿ. ಒಂದನ್ನೇ ಹಾಕಿದರೆ ಅರ್ಧ ಊರು ನಿಜ, ಅರ್ಧ ಊರು ಕಲ್ಪನೆ. ಮಂಗಳೂರಿನದು ಇನ್ನೂ ಇಕ್ಕಟ್ಟು. ಬಜ್ಪೆಯ ನಿಲ್ದಾಣ ನಾಲ್ಕು ಚೌಕಗಳು ಕೂಡುವ ಮೂಲೆಯ ಪಕ್ಕದಲ್ಲೇ ಇದೆ. ಅಲ್ಲಿಂದ ಕುದುರೆಮುಖದ ಕಡೆ ಮೂಗು ತಿರುಗಿಸಿದರೆ ಕೆಲವೇ ನಿಮಿಷದಲ್ಲಿ ಗಡಿ ದಾಟುತ್ತೀಯ. ನಾಲ್ಕೂ ಚೌಕ ಇಲ್ಲದಿದ್ದರೆ ಘಟ್ಟ ಬರುವ ಮೊದಲೇ ನೆಲ ಬದಲಾಗುತ್ತದೆ.

ಮೊದಲ ಚೌಕವಾಗಿ ಮೈಸೂರನ್ನು ನಾನು ಹೇಳುವುದು ಈ ಕಾರಣಕ್ಕೇ. ಕೃಷ್ಣರಾಜ ಸಾಗರ, ಶ್ರೀರಂಗಪಟ್ಟಣ, ಮಂಡ್ಯ, ಮೇಲುಕೋಟೆ, ಶ್ರವಣಬೆಳಗೊಳ, ಗೊರೂರಿನ ಹೇಮಾವತಿ ಅಣೆಕಟ್ಟು, ತಿರುಮಕೂಡಲು ನರಸೀಪುರ ಎಲ್ಲವೂ ಈ ಒಂದರಲ್ಲೇ ಸಿಗುತ್ತವೆ. ಕಬಿನಿಯ ಅಣೆಕಟ್ಟು ಮಾತ್ರ ಕೂದಲೆಳೆಯಲ್ಲಿ ದಕ್ಷಿಣದ ಚೌಕಕ್ಕೆ ಜಾರಿದೆ. ನಿನ್ನ ಊರು ಬೇರೆಯಾದರೆ ನಿನ್ನ ಊರಿನ ಚೌಕದಿಂದಲೇ ಶುರುಮಾಡು. ಗೊತ್ತಿರುವ ನೆಲದಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನು ಚೌಕ ಕಟ್ಟುವ ಸಾಧನ. ಎಕ್ಸ್-ಪ್ಲೇನ್ ಬಳಗದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರ್ಥೋ4ಎಕ್ಸ್‌ಪಿ. ಆಸ್ಕರ್ ಪಿಲೋಟ್ ಎಂಬ ಹೆಸರಿನಲ್ಲಿ ಹೊರಬಂದ ಇದು ಪೈಥಾನ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಿಂಗ್ ನಕ್ಷೆಯ ಚಿತ್ರಗಳನ್ನು ಹಾರುವಾಗಲೇ ಇಂಟರ್ನೆಟ್ ಮೂಲಕ ತಾನೇ ತಂದು ಹಾಸುತ್ತದೆ. ಅಲ್ಲಿ ನಿನಗೆ ಈ ಶ್ರಮ ಇಲ್ಲ. ಎಕ್ಸ್-ಪ್ಲೇನ್‌ನಲ್ಲಿ ಶ್ರಮ ನಿನ್ನದು, ತಿಳಿವಳಿಕೆಯೂ ನಿನ್ನದು. ಕಟ್ಟಿದ ಮೇಲೆ ಇಂಟರ್ನೆಟ್ ಇಲ್ಲದ ಊರಿನಲ್ಲಿ ಕುಳಿತೂ ಹಾರಬಹುದು.

ಈ ಸಾಧನ ಮೂರು ಕಡೆಯಿಂದ ಸಾಮಗ್ರಿ ತರುತ್ತದೆ. ನೆಲದ ಏರಿಳಿತಕ್ಕೆ ಎತ್ತರದ ದತ್ತಾಂಶ ಬೇಕು. ಅದರ ಮುಖ್ಯ ಮೂಲ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಹೊತ್ತು 11 ದಿನ ಭೂಮಿಯನ್ನು ಸುತ್ತಿ ಅಳೆದ ಅಳತೆ. ಉತ್ತರಕ್ಕೆ 60 ಡಿಗ್ರಿಯಿಂದ ದಕ್ಷಿಣಕ್ಕೆ 56 ಡಿಗ್ರಿಯವರೆಗಿನ ನೆಲವನ್ನು ಅದು ಅಳೆಯಿತು. ಸುಮಾರು 30 ಮೀಟರಿಗೊಂದರಂತೆ ಎತ್ತರ ಸಿಗುತ್ತದೆ. ಎರಡನೆಯದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಜನರೇ ಬರೆದು ಜನರೇ ತಿದ್ದುವ ನಕ್ಷೆ. ಕೆರೆಯ ದಡ, ಕಡಲ ಅಂಚು, ನಿಲ್ದಾಣದ ಎಲ್ಲೆ ಅಲ್ಲಿಂದ ಬರುತ್ತದೆ. ಮೂರನೆಯದು ಚಿತ್ರ. ಅದನ್ನು ನಕ್ಷೆ ಒದಗಿಸುವ ಕಂಪನಿಗಳ ಸರ್ವರ್‌ಗಳಿಂದ ತರುತ್ತದೆ.

ಚಿತ್ರ ತರುವಾಗ ಒಂದು ಸಂಖ್ಯೆ ನಿನ್ನನ್ನು ಕೇಳುತ್ತದೆ: ಝೂಮ್ ಲೆವೆಲ್. ಇಲ್ಲಿ ಸಾವಧಾನವಾಗಿ ಲೆಕ್ಕ ಹಾಕು. 16 ಎಂದರೆ ಚಿತ್ರದ ಒಂದು ಚುಕ್ಕಿ ನಮ್ಮ ಅಕ್ಷಾಂಶದಲ್ಲಿ ಸುಮಾರು 2.3 ಮೀಟರ್ ನೆಲ. 17 ಎಂದರೆ 1.2 ಮೀಟರಿನ ಹತ್ತಿರ. 18 ಎಂದರೆ 60 ಸೆಂಟಿಮೀಟರಿನ ಹತ್ತಿರ. ಒಂದೊಂದು ಮೆಟ್ಟಿಲು ಏರಿದಾಗಲೂ ಉದ್ದಕ್ಕೆ ಎರಡು ಪಟ್ಟು, ಅಗಲಕ್ಕೆ ಎರಡು ಪಟ್ಟು. ಹಾಗಾಗಿ ಜಾಗ ನಾಲ್ಕು ಪಟ್ಟು. ಒಂದು ಚೌಕಕ್ಕೆ 16ರಲ್ಲಿ ಒಂದೂವರೆ ಗಿಗಾಬೈಟ್ ಸಾಕಾದರೆ, 17ಕ್ಕೆ ಸುಮಾರು 6, 18ಕ್ಕೆ 24ರ ಹತ್ತಿರ ಬೇಕು. ಕರ್ನಾಟಕದ ಉದ್ದಗಲಕ್ಕೆ ಇಂಥ ಚೌಕಗಳು ಇಪ್ಪತ್ತಕ್ಕೂ ಹೆಚ್ಚು ಬೇಕು. ಎಲ್ಲವನ್ನೂ 18ರಲ್ಲಿ ಕಟ್ಟಲು ಹೊರಟರೆ ಅರ್ಧ ಟೆರಾಬೈಟೂ ಸಾಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಡಿಸ್ಕಿನ ಮಾತು ಮಾತ್ರವಲ್ಲ. ಈ ಚಿತ್ರಗಳು ಒಂದೊಂದೂ 4096 ಚುಕ್ಕಿ ಉದ್ದ, 4096 ಚುಕ್ಕಿ ಅಗಲದ ಹಾಳೆಗಳು. ಹಾರುವಾಗ ಸುತ್ತಲಿನ ಹಾಳೆಗಳೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. ಕಾರ್ಡ್ ಚಿಕ್ಕದಾದರೆ ಚಿತ್ರ ತೊದಲುತ್ತದೆ, ಇಲ್ಲವೆ ಮಂಕಾಗುತ್ತದೆ. ಸೆಸ್ನಾದಂಥ ಚಿಕ್ಕ ವಿಮಾನದಲ್ಲಿ ಎರಡು ಮೂರು ಸಾವಿರ ಅಡಿಯಲ್ಲಿ ಹಾರುವವರಿಗೆ 17 ಧಾರಾಳ. ಜೆಟ್ ಹಾರಿಸುವವರಿಗೆ 16 ಸಾಕು. ನಿಲ್ದಾಣದ ಸುತ್ತ ಮಾತ್ರ ಹೆಚ್ಚು ಸ್ಪಷ್ಟತೆ ಕೊಡುವ ಅನುಕೂಲ ಈ ಸಾಧನದಲ್ಲೇ ಇದೆ. ನೆಲಕ್ಕೆ ಹತ್ತಿರವಾಗುವುದು ಅಲ್ಲಿಯೇ ಆದ್ದರಿಂದ ಅದನ್ನು ಬಳಸಿಕೋ.

ಸ್ಪಷ್ಟತೆ ಸಾಲದು ಎಂದು ಅನ್ನಿಸಿದಾಗ ಒಂದು ಸಂಗತಿ ನೆನಪಿರಲಿ. ಪ್ರಯೋಗಕ್ಕಲ್ಲದೆ ಪೂರ್ಣ ಬಳಕೆಗೆಂದೇ ಕಟ್ಟಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನ ಉಡಾವಣಾ ಕೇಂದ್ರದಿಂದ ಮೇಲೇರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಇಂದು ಆ ಕೇಂದ್ರಕ್ಕೆ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು. ಆರ್. ರಾವ್ ಅವರ ಹೆಸರಿದೆ. ಆ ಉಪಗ್ರಹದ ಒಳ್ಳೆಯ ಕ್ಯಾಮೆರಾಕ್ಕೆ ಒಂದು ಚುಕ್ಕಿ ಎಂದರೆ 36 ಮೀಟರ್ ನೆಲ. ಅಷ್ಟರಲ್ಲೇ ನಮ್ಮ ವಿಜ್ಞಾನಿಗಳು ಕಾಡನ್ನೂ ಬೆಳೆಯನ್ನೂ ಬಂಜರನ್ನೂ ಗುರುತಿಸಿ ದೇಶಕ್ಕೆ ಉಪಕಾರ ಮಾಡಿದರು. ನಿನ್ನ ಮೇಜಿನ ಮೇಲೆ ಈಗ ಬಂದಿರುವುದು ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಚಿತ್ರ. ಸಿಕ್ಕಿದ್ದರ ಬೆಲೆ ತಿಳಿದು ಬಳಸು.

ಈಗ ಹಾಕಿಕೊಳ್ಳುವ ಕ್ರಮ. ಮೊದಲು ಎಕ್ಸ್-ಪ್ಲೇನ್‌ನ ಸ್ವಂತ ಇನ್‌ಸ್ಟಾಲರ್ ತೆರೆದು ಭಾರತದ ಭಾಗದ ನೆಲ ನಿನ್ನಲ್ಲಿ ಇದೆಯೇ ನೋಡು. ಅದಿಲ್ಲದೆ ಮುಂದಿನ ಕೆಲಸ ಆಗುವುದಿಲ್ಲ, ಕಾರಣ ಹೇಳುತ್ತೇನೆ. ಆರ್ಥೋ4ಎಕ್ಸ್‌ಪಿಯನ್ನು ಅದರ ಮೂಲ ಜಾಗದಿಂದಲೇ ಇಳಿಸಿಕೋ. ಯಾರೋ ಸಿಕ್ಕಿದವರು ಕೊಟ್ಟ ಪೊಟ್ಟಣ ತೆರೆಯಬೇಡ. ಅದಕ್ಕೆ ಇಂಗ್ಲಿಷ್ ಅಕ್ಷರದ, ಚಿಕ್ಕ ಹೆಸರಿನ ಬೇರೆ ಫೋಲ್ಡರ್ ಮಾಡು. ಚೌಕ ಆರಿಸಿ, ಚಿತ್ರದ ಮೂಲ ಆರಿಸಿ, ಝೂಮ್ ಹೇಳಿ, ಹಂತ ಹಂತವಾಗಿ ನಡೆಸು. ನಕ್ಷೆಯ ಗೆರೆಗಳನ್ನು ಕೂಡಿಸುವುದು, ನೆಲವನ್ನು ತ್ರಿಕೋನಗಳ ಬಲೆಯಾಗಿ ಹೆಣೆಯುವುದು, ನೀರಿನ ಅಂಚಿಗೆ ಮರೆ ಬರೆಯುವುದು, ಕೊನೆಗೆ ಚಿತ್ರ ತಂದು ಹೊದಿಸುವುದು. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಮಾಡಬಹುದು. ಆದರೆ ಮೊದಲ ಚೌಕವನ್ನು ಒಂದೊಂದೇ ಹಂತವಾಗಿ ಮಾಡು. ಎಲ್ಲಿ ನಿಂತಿತು ಎಂದು ಗೊತ್ತಾದರೆ ಏಕೆ ನಿಂತಿತು ಎಂದು ಹುಡುಕುವುದು ಸುಲಭ.

ಚಿತ್ರ ಇಳಿಯಲು ಹೊತ್ತು ಹಿಡಿಯುತ್ತದೆ. ಮನೆಯವರ ಇಂಟರ್ನೆಟ್ಟನ್ನು ನೀನೊಬ್ಬನೇ ಹಿಡಿದು ಕೂರಬೇಡ. ರಾತ್ರಿ ಹಚ್ಚಿ ಮಲಗು. ಬೇಗ ಮುಗಿಯಲಿ ಎಂದು ಒಟ್ಟಿಗೆ ಹತ್ತಾರು ಚೌಕಗಳನ್ನು ಕೇಳಿದರೆ ಆ ಕಡೆಯ ಸರ್ವರ್ ನಿನ್ನನ್ನು ತಡೆದು ನಿಲ್ಲಿಸಬಹುದು, ಆಗ ಅರ್ಧ ಚಿತ್ರ ಖಾಲಿಯಾಗಿ ಉಳಿಯುತ್ತದೆ.

ಚೌಕ ಸಿದ್ಧವಾದ ಮೇಲೆ ಅದು ಎಕ್ಸ್-ಪ್ಲೇನ್‌ನ ಕಸ್ಟಮ್ ಸೀನರಿ ಫೋಲ್ಡರಿಗೆ ಸೇರಬೇಕು. ಡಿಸ್ಕ್ ಚಿಕ್ಕದಾದರೆ ಚೌಕವನ್ನು ಬೇರೆ ಡಿಸ್ಕಿನಲ್ಲಿಟ್ಟು ಇಲ್ಲಿ ಶಾರ್ಟ್‌ಕಟ್ ಮಾತ್ರ ಇಟ್ಟರೂ ನಡೆಯುತ್ತದೆ. ಅಷ್ಟಕ್ಕೇ ಹಾರಲು ಹೋದರೆ ನಿನಗೆ ಆಶ್ಚರ್ಯ ಕಾದಿರುತ್ತದೆ: ನೆಲ ನಿಜವಾಗಿದೆ, ಒಂದು ಮನೆ ಇಲ್ಲ, ಒಂದು ಮರ ಇಲ್ಲ. ಎಲ್ಲ ಚಪ್ಪಟೆ. ಏಕೆಂದರೆ ಹೊಸ ನೆಲ ಬಂದಾಗ ಹಳೆಯ ನೆಲವೂ ಅದರ ಮೇಲಿದ್ದ ಮನೆ, ಮರ, ರಸ್ತೆಗಳೂ ಒಟ್ಟಿಗೆ ಹೊರಟುಹೋಗುತ್ತವೆ. ಅವನ್ನು ಉಳಿಸಿಕೊಳ್ಳಲು ಓವರ್‌ಲೇ ಎಂಬ ಪದರವನ್ನು ಮೂಲ ನೆಲದಿಂದ ಬಿಡಿಸಿ ತೆಗೆಯಬೇಕು. ಆರ್ಥೋ4ಎಕ್ಸ್‌ಪಿಯಲ್ಲೇ ಆ ಗುಂಡಿ ಇದೆ. ಎಕ್ಸ್-ಪ್ಲೇನ್‌ನ ಗ್ಲೋಬಲ್ ಸೀನರಿ, ಅಂದರೆ ಆ ಮೂಲ ನೆಲ, ಎಲ್ಲಿದೆ ಎಂದು ಅದಕ್ಕೆ ತೋರಿಸಬೇಕು. ಭಾರತದ ಭಾಗ ಮೊದಲೇ ಇರಬೇಕು ಎಂದದ್ದು ಇದಕ್ಕೆ. ಮೂಲವೇ ಇಲ್ಲದಿದ್ದರೆ ಬಿಡಿಸುವುದು ಯಾವುದರಿಂದ?

ಆಮೇಲೆ ಮೇಲು ಕೆಳಗಿನ ಕ್ರಮ. ಕಸ್ಟಮ್ ಸೀನರಿ ಫೋಲ್ಡರಿನಲ್ಲಿ ಸೀನರಿ ಪ್ಯಾಕ್ಸ್ ಡಾಟ್ ಐಎನ್‌ಐ ಎಂಬ ಪುಟ್ಟ ಕಡತವಿದೆ. ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಅದರಲ್ಲಿ ಮೇಲಿನ ಸಾಲಿನದು ಮೇಲುಗೈ. ಒಂದು ಚೌಕದ ನೆಲ ಯಾವ ಸಾಲಿನಲ್ಲಿ ಬಂತೋ, ಅದೇ ಜಾಗಕ್ಕೆ ಸೇರಿದ ಕೆಳಗಿನ ಸಾಲುಗಳನ್ನೆಲ್ಲ ಅದು ಮುಚ್ಚಿಬಿಡುತ್ತದೆ. ಹಾಗಾಗಿ ನಿಲ್ದಾಣಗಳು ಮೇಲೆ, ಅವುಗಳಲ್ಲಿಯೂ ಯಾರಾದರೂ ಕೈಯಾರೆ ಮಾಡಿದ್ದು ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಎಕ್ಸ್-ಪ್ಲೇನ್‌ನದೇ ನಿಲ್ದಾಣಗಳಿರುವ ಗ್ಲೋಬಲ್ ಏರ್‌ಪೋರ್ಟ್ಸ್ ಸಾಲು. ಅದರ ಕೆಳಗೆ ಓವರ್‌ಲೇ. ತಳದಲ್ಲಿ ಚಿತ್ರದ ಚೌಕಗಳು. ಓವರ್‌ಲೇ ಫೋಲ್ಡರಿನ ಹೆಸರು ವೈ ಅಕ್ಷರದಿಂದ, ಚೌಕದ ಹೆಸರು ಝಡ್ ಅಕ್ಷರದಿಂದ ಶುರುವಾಗುವುದು ಸುಮ್ಮನೆ ಅಲ್ಲ. ಈ ಕಡತವನ್ನು ಅಳಿಸಿದರೆ ಎಕ್ಸ್-ಪ್ಲೇನ್ ಅಕ್ಷರಮಾಲೆಯ ಕ್ರಮದಲ್ಲಿ ಹೊಸದು ಬರೆಯುತ್ತದೆ. ಆಗ ಇವೆರಡೂ ತಾವಾಗಿಯೇ ತಳಕ್ಕೆ ಬರಲಿ ಎಂದು ಹಾಗೆ ಹೆಸರಿಟ್ಟಿದ್ದಾರೆ. ಹೊಸದಾಗಿ ಸೇರಿಸಿದ್ದನ್ನು ಮಾತ್ರ ಎಕ್ಸ್-ಪ್ಲೇನ್ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇಡುತ್ತದೆ. ಆದ್ದರಿಂದ ಪ್ರತಿ ಸಲ ಸೇರಿಸಿದ ಮೇಲೆ ಸಿಮ್ಯುಲೇಟರನ್ನು ಮುಚ್ಚಿ, ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟು, ಸಾಲನ್ನು ಅದರ ಜಾಗಕ್ಕೆ ಇಳಿಸು.

ಏನಾದರೂ ಕೆಟ್ಟರೆ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಹಾಕಬೇಡ. ಎಕ್ಸ್-ಪ್ಲೇನ್ ತಾನು ಮಾಡಿದ್ದೆಲ್ಲವನ್ನೂ ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಅದನ್ನು ಕೊನೆಯಿಂದ ಓದು. ಯಾವ ಫೋಲ್ಡರ್ ತೆರೆಯಲಾಗಲಿಲ್ಲ, ಯಾವ ಕಡತ ಸಿಗಲಿಲ್ಲ ಎಂದು ಅಲ್ಲಿ ಹೆಸರು ಸಮೇತ ಇರುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡು, ಹಾರಿ ನೋಡು, ಆಮೇಲೆ ಮುಂದಿನದು. ನಿಜವಾದ ವಿಮಾನದ ಮೆಕ್ಯಾನಿಕ್‌ಗಳು ದುರಸ್ತಿಗೆ ಕೈ ಹಾಕುವ ಮೊದಲು ಲಾಗ್‌ಬುಕ್ ಓದುತ್ತಾರೆ. ಆ ಶಿಸ್ತು ನಿನ್ನ ಕೋಣೆಯಲ್ಲೇ ಕಲಿಯಲು ಸಿಗುತ್ತಿದೆ.

ಈಗ ಹಾರು. ಪರದೆಯ ಮೇಲಿನ ನಕ್ಷೆಯನ್ನು ಮುಚ್ಚಿಬಿಡು. ಮಂಡಕಳ್ಳಿಯಿಂದ ಎದ್ದು ಉತ್ತರಕ್ಕೆ ತಿರುಗಿದರೆ ಐದು ಕಿಲೋಮೀಟರಿನೊಳಗೆ ಚಾಮುಂಡಿ ಬೆಟ್ಟ. ಅದನ್ನು ಬಲಕ್ಕೆ ಬಿಡು. ಊರು ದಾಟಿ ಸ್ವಲ್ಪ ಎಡಕ್ಕೆ ವಾಲಿದರೆ, 90 ನಾಟ್ ವೇಗದಲ್ಲಿ ಎಂಟು ಹತ್ತು ನಿಮಿಷಕ್ಕೆ ಕೃಷ್ಣರಾಜ ಸಾಗರದ ನೀರು. 1911ರಲ್ಲಿ ಕಟ್ಟಲು ಶುರುಮಾಡಿದ ಆ ಕಟ್ಟೆಯ ಆಚೆಗೆ ನೋಡು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವಲ್ಲಿಯವರೆಗೆ ಹಸಿರು, ನೀರು ಏರದ ಎತ್ತರದಲ್ಲಿ ಕಂದು. ಆ ಗೆರೆಯನ್ನು ಯಾವ ಕಲಾವಿದನೂ ಬರೆದದ್ದಲ್ಲ. ಒಂದು ನಾಲೆ ಒಂದು ಜಿಲ್ಲೆಯ ಬಾಳನ್ನು ಹೇಗೆ ಬದಲಿಸಿತು ಎಂಬುದನ್ನು ಮೇಲಿನಿಂದ ನೋಡಿದಷ್ಟು ಚೆನ್ನಾಗಿ ಬೇರೆಲ್ಲಿಂದಲೂ ನೋಡಲಾರೆ. ಅಲ್ಲಿಂದ ಕಾವೇರಿಯನ್ನು ಹಿಡಿದು ಶ್ರೀರಂಗಪಟ್ಟಣದ ದ್ವೀಪ, ಕೆಳಗೆ ನರಸೀಪುರದಲ್ಲಿ ಕಬಿನಿ ಬಂದು ಕೂಡುವ ಜಾಗ, ಅಲ್ಲಿಂದ ಪಶ್ಚಿಮಕ್ಕೆ ಮತ್ತೆ ಮಂಡಕಳ್ಳಿ. ಮುಕ್ಕಾಲು ಗಂಟೆಯೊಳಗಿನ ಹಾರಾಟ. ನದಿ, ಬೆಟ್ಟ, ರೈಲುದಾರಿ ನೋಡಿ ದಾರಿ ಹಿಡಿಯುವ ಈ ವಿದ್ಯೆಯನ್ನು ಪೈಲಟ್‌ಗಳಿಗೆ ಇಂದಿಗೂ ಕಲಿಸುತ್ತಾರೆ. ಸಿದ್ಧ ನೆಲಚಿತ್ರದ ಮೇಲೆ ಅದು ಕಲಿಯಲಾಗದು. ನಿಜದ ಚಿತ್ರದ ಮೇಲೆ ಆಗುತ್ತದೆ. ಇಷ್ಟು ಕಷ್ಟಪಟ್ಟು ಚೌಕ ಕಟ್ಟಿದ್ದರ ಫಲ ಇದು.

ಚಿತ್ರದ ಮಿತಿಯನ್ನೂ ತಿಳಿದಿರು. ಅನೇಕ ಉಪಗ್ರಹಗಳು ಒಂದು ಜಾಗದ ಮೇಲೆ ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ ಹಾಯುತ್ತವೆ. ಆದ್ದರಿಂದ ಚಿತ್ರದಲ್ಲಿ ಅಚ್ಚಾದ ನೆರಳು ಪಶ್ಚಿಮದ ಕಡೆಗೆ ಬಿದ್ದಿರುತ್ತದೆ. ನೀನು ಸಂಜೆ ಹಾರಿದರೆ ಸಿಮ್ಯುಲೇಟರಿನ ಸೂರ್ಯ ಮನೆಗಳ ನೆರಳನ್ನು ಪೂರ್ವಕ್ಕೆ ಚೆಲ್ಲುತ್ತಾನೆ, ಎರಡೂ ಹೊಂದುವುದಿಲ್ಲ. ಮೋಡದ ಕೆಳಗಿನ ನೆಲವನ್ನು ಈ ಕ್ಯಾಮೆರಾಗಳು ಕಾಣಲಾರವು. ಅದಕ್ಕೇ ಘಟ್ಟದ ಚಿತ್ರಗಳು ಬಹುಪಾಲು ಮಳೆ ಮುಗಿದ ಮೇಲಿನವು. ಆಷಾಢದ ಜೋಗ ಅಲ್ಲಿ ಸಿಗುವುದಿಲ್ಲ. ಅಕ್ಕಪಕ್ಕದ ತುಂಡುಗಳು ಬೇರೆ ಬೇರೆ ವರ್ಷದವಾಗಿದ್ದರೆ ಬಣ್ಣ ತಟ್ಟನೆ ಬದಲಾಗುತ್ತದೆ. ನಕ್ಷೆಯಲ್ಲಿ ಜಲಾಶಯ ತುಂಬಿದ ಗೆರೆ ಇದ್ದು, ಚಿತ್ರ ಬೇಸಿಗೆಯದಾದರೆ ದಡ ಹೊಂದದೆ ಇರಬಹುದು. ರೇಡಾರ್ ದಟ್ಟ ಕಾಡಿನಲ್ಲಿ ಮರದ ತಲೆಯ ಹತ್ತಿರದ ಎತ್ತರವನ್ನು ಹಿಡಿದಿರುತ್ತದೆ. ಇವನ್ನು ಕಂಡು ಬೇಸರಪಡಬೇಡ. ಏಕೆ ಹೀಗಾಯಿತು ಎಂದು ಹೇಳಬಲ್ಲೆಯಾದರೆ ಅದು ಕೂಡ ಕಲಿತ ವಿದ್ಯೆಯೇ.

ಮುಂದೆ ನಿಜವಾದ ಪೈಲಟ್ ಆಗುವ ಆಸೆ ಇದ್ದರೆ ಇದನ್ನು ಕೇಳಿಸಿಕೋ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಕಂಪ್ಯೂಟರಿನ ಗಂಟೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಈ ಚಿತ್ರವನ್ನು ನಂಬಿ ನಿಜದ ಆಕಾಶದಲ್ಲಿ ದಾರಿ ಹಿಡಿಯಲೂ ಕೂಡದು. ಆದರೆ ಕಣ್ಣಿಗೂ ಕ್ರಮಕ್ಕೂ ತಾಳ್ಮೆಗೂ ಸಿಕ್ಕ ಅಭ್ಯಾಸ ನಿನ್ನ ಜೊತೆಗೇ ಬರುತ್ತದೆ.

ಇನ್ನೊಂದು ಮಾತು, ಇದು ನಡತೆಯದು. ಚಿತ್ರಗಳ ಒಡೆತನ ಅವನ್ನು ಒದಗಿಸಿದ ಕಂಪನಿಗಳದು. ನಿನ್ನ ಯಂತ್ರದಲ್ಲಿ ಕಟ್ಟಿದ ಚೌಕವನ್ನು ನೀನು ಬಳಸು. ನಕಲು ಮಾಡಿ ಹಂಚಬೇಡ, ಮಾರಬೇಡ. ಗೆಳೆಯ ಕೇಳಿದರೆ ಕಟ್ಟುವುದನ್ನು ಕಲಿಸು. ದುಡ್ಡು ಕೊಟ್ಟು ಕೊಳ್ಳಬೇಕಾದ ಸೀನರಿಯನ್ನು ಕದ್ದ ಪ್ರತಿಯಾಗಿ ಇಳಿಸಿಕೊಳ್ಳಬೇಡ. ಒಂದು ನಿಲ್ದಾಣವನ್ನು ಕೈಯಾರೆ ಕಟ್ಟಿದವನ ತಿಂಗಳುಗಟ್ಟಲೆ ದುಡಿಮೆ ಅದರಲ್ಲಿರುತ್ತದೆ.

ಪಡೆದವರು ಕೊಡುವುದನ್ನೂ ಕಲಿಯಬೇಕು. ನಿನ್ನ ಚೌಕದ ಕೆರೆಗಳ ದಡ ಬಂದದ್ದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ; ಅದನ್ನು ಬರೆದವರು ನಿನ್ನಂಥ ಸಾಮಾನ್ಯ ಜನ, ಸಂಬಳವಿಲ್ಲದೆ. ಎಕ್ಸ್-ಪ್ಲೇನ್‌ನ ಸಾವಿರಾರು ನಿಲ್ದಾಣಗಳೂ ಬಳಕೆದಾರರು ವರ್ಲ್ಡ್‌ಎಡಿಟರ್ ಎಂಬ ಉಚಿತ ಸಾಧನದಲ್ಲಿ ಕಟ್ಟಿ ಸೀನರಿ ಗೇಟ್‌ವೇ ಎಂಬ ಜಾಲತಾಣಕ್ಕೆ ಕೊಟ್ಟವು. ನಮ್ಮ ಹಳ್ಳಿಗಳ ಎಷ್ಟೋ ಕೆರೆ, ಎಷ್ಟೋ ದಾರಿ ಆ ಜನರ ನಕ್ಷೆಯಲ್ಲಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಇನ್ನೂ ಇಲ್ಲ. ನಿನ್ನ ಮೊದಲ ಚೌಕ ಮುಗಿದ ವಾರವೇ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗಿ ನಿನ್ನ ಊರಿನ ಕೆರೆಯನ್ನು ಹುಡುಕು. ಇಲ್ಲದಿದ್ದರೆ ಬರೆ, ಕನ್ನಡದಲ್ಲೇ ಅದರ ಹೆಸರು ಹಾಕು. ಮುಂದೆ ಈ ಚೌಕವನ್ನು ಯಾರು ಕಟ್ಟಿದರೂ, ಅವರು ಜಗತ್ತಿನ ಯಾವ ಮೂಲೆಯವರಾದರೂ, ಆ ಕೆರೆ ಅವರ ನಕ್ಷೆಯಲ್ಲಿ ಇರುತ್ತದೆ.